ಒಂಬತ್ತನೆಯ ದಿನ ಸಿಗದ ಸುಂಟರಗಾಳಿ

ಮಾನ್ಯ ಕೌಂಟಿ ವಿಪತ್ತು ನಿರ್ವಹಣಾಧಿಕಾರಿಗಳೇ,

ಮೇ ಹದಿನಾಲ್ಕರಂದು ನಮ್ಮ ಪ್ಲಮ್ ತೊರೆ ರಸ್ತೆಗೆ ಸುಂಟರಗಾಳಿ ಬಂದೇ ಇಲ್ಲವೆಂದು ತಾವು ತೀರ್ಮಾನಿಸಿ ಬರೆದ ಪತ್ರ ಕೈಸೇರಿತು. ದಾಖಲೆಯಲ್ಲಿ ಸುಂಟರಗಾಳಿ ಇಲ್ಲದ ರಸ್ತೆಗೆ ಎಚ್ಚರಿಕೆಯ ಸೈರನ್ ಕೊಡಲಾಗದು ಎಂಬುದೂ ತಿಳಿಯಿತು. ಹಾಗಾದರೆ ಅಂದು ನಮ್ಮ ಕೊಟ್ಟಿಗೆ ತಾನಾಗಿಯೇ ಎದ್ದು, ತೊರೆ ದಾಟಿ, ಪಕ್ಕದ ಲುಮಿರ್ ಸ್ಟಾರಾನ ಸೋಯಾ ಹೊಲಕ್ಕೆ ವಾಯುವಿಹಾರಕ್ಕೆ ಹೋಗಿತ್ತೇ?

ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳುತ್ತೇನೆ. ನೆಬ್ರಾಸ್ಕಾದ ಈ ಮೂಲೆಯಲ್ಲಿ ಒಬ್ಬರ ಕೊಟ್ಟಿಗೆ ಬಿದ್ದರೆ ಯಾರೂ ಯಾರನ್ನೂ ಕರೆಯುವುದಿಲ್ಲ. ಎಲ್ಲರೂ ಸುತ್ತಿಗೆ ಹಿಡಿದು ಬಂದುಬಿಡುತ್ತಾರೆ. ಮರುದಿನ ಬೆಳಿಗ್ಗೆ ನಾನು ಕಾಫಿ ಇಳಿಸುವಷ್ಟರಲ್ಲಿ ಅಂಗಳದಲ್ಲಿ ಮೂವತ್ತೊಂದು ಜನ. ಹೆಂಗಸರು ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ತಟ್ಟೆಗಟ್ಟಲೆ ತಂದರು. ಗಂಡಸರು ತೊಲೆಗಳ ಮೇಲೆ ಕೂತು, ಯಾರು ಹೊಡೆದ ಹಲಗೆ ಸೊಟ್ಟಗಿದೆಯೆಂದು ಜಗಳವಾಡುತ್ತಲೇ ಕಟ್ಟಿದರು. ಉಳಿದವರು ಸಾಲಾಗಿ ಹೊಲದಲ್ಲಿ ನಡೆದು ಗಾಜಿನ ಚೂರು, ಮೊಳೆ ಆರಿಸಿದರು. ನಾಲ್ಕನೆಯ ದಿನ ಮಾಡು ಬಂತು, ಆರನೆಯ ದಿನ ಕೆಂಪು ಬಣ್ಣ. ಮಿಕ್ಕ ಬಣ್ಣವನ್ನು ಲುಮಿರ್ ನಮ್ಮ ಅಂಚೆಪೆಟ್ಟಿಗೆಗೆ ಬಳಿದ. ಅದನ್ನು ಯಾರೂ ಕೇಳಿರಲಿಲ್ಲ.

ತಮ್ಮ ಪರಿಶೀಲಕರು ದಯಮಾಡಿಸಿದ್ದು ಒಂಬತ್ತನೆಯ ದಿನ. ಒಳ್ಳೆಯ ಮನುಷ್ಯ, ಬೂಟು ಫಳಫಳ ಹೊಳೆಯುತ್ತಿತ್ತು.

"ಅಮ್ಮಾ, ಹಾನಿ ಎಲ್ಲಿ?" ಎಂದರು.

"ಅದರ ಮುಂದೇನೇ ನಿಂತಿದ್ದೀರಲ್ಲಪ್ಪ."

"ಇದು ಹೊಸ ಕೊಟ್ಟಿಗೆ."

"ಹಳೇದು ಹಾರಿಹೋಯ್ತು, ಅದಕ್ಕೇ ಹೊಸದು."

"ಸರಿ, ಆ ಹಳೇದನ್ನ ತೋರಿಸಿ."

ಲುಮಿರ್ ಬಾಯಿ ಹಾಕಿದ: "ಅದರ ಹಲಗೇಲಿ ನಮ್ಮ ಹಂದಿಗೆ ಗೂಡು ಕಟ್ಟಾಯ್ತು ಸಾರ್. ಒಳಗೆ ಹೋಗಿ ನೋಡ್ತೀರಾ? ಮರಿ ಹಾಕಿದೆ, ಸ್ವಲ್ಪ ಸಿಟ್ಟಲ್ಲಿದೆ ಅಷ್ಟೆ."

ಪರಿಶೀಲಕರಿಗೆ ಅಷ್ಟು ಉತ್ಸಾಹವಿರಲಿಲ್ಲ.

"ಬೇಕಾದ್ರೆ ಈ ಮೂಲೆ ಕಿತ್ತು ಕೊಡ್ಲಾ ಸಾರ್? ನೀವು ಬರ್ಕೊಂಡ್ಮೇಲೆ ಮತ್ತೆ ಹೊಡ್ಕೋತೀವಿ. ಅರ್ಧ ಗಂಟೆ ಕೆಲಸ."

ವರದಿ ಹೀಗಿದೆ: "ಕಟ್ಟಡ ಸುಸ್ಥಿತಿಯಲ್ಲಿದೆ. ಹೊಲ ಸ್ವಚ್ಛವಾಗಿದೆ. ಹಾನಿ ಕಂಡುಬಂದಿಲ್ಲ." ಇದನ್ನು ಅವರು ಬರೆಯುವಾಗ ನನ್ನ ಎರಡು ಕೊಲಾಚೆ ಅವರ ಹೊಟ್ಟೆಯಲ್ಲಿದ್ದವು, ಮೂರನೆಯದು ಎಡಗೈಯಲ್ಲಿತ್ತು.

ಇನ್ನು ಮುಂದೆ "ಪರಿಶೀಲನೆ ಮುಗಿಯುವವರೆಗೆ ಅವಶೇಷಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು" ಎಂದು ತಾವು ಅಪ್ಪಣೆ ಕೊಟ್ಟಿದ್ದೀರಿ. ಒಂಬತ್ತು ದಿನವೇ? ದಿನಕ್ಕೆರಡು ಸಲ ಹಾಲು ಕರೆಯಬೇಕಾದ ಹಸುಗಳಿಗೆ ಈ ಯಥಾಸ್ಥಿತಿಯನ್ನು ಯಾರು ತಿಳಿಸಿ ಹೇಳುತ್ತಾರೆ? ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ತಮ್ಮ ಪತ್ರವನ್ನು ಗಟ್ಟಿಯಾಗಿ ಓದಿದೆ. ಜನ ಎರಡನೆಯ ಸಲವೂ ಓದಿಸಿದರು.

ನಗು ಬಾರದ ಭಾಗ ಒಂದಿದೆ, ಅದನ್ನೂ ಓದಿ. ಅಂದು ಮಧ್ಯಾಹ್ನ ಹಸುಗಳು ಮೇಯಲು ಹೋಗಿದ್ದವು. ನನ್ನ ಗಂಡ ಆರ್ಡೆಲ್ ಕೊಟ್ಟಿಗೆಯೊಳಗೆ ಹಾಲು ಕರೆಯುವ ಯಂತ್ರ ತೊಳೆಯುತ್ತಿದ್ದ. ನಮ್ಮ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಪೇಟೆಯ ಸೈರನ್ ಒಂಬತ್ತು ಮೈಲಿ ಆಚೆ. ಕೂಗಿದ್ದಿರಬಹುದು, ನಮಗೆ ಕೇಳಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಸುಂಟರಗಾಳಿ ಬರುವುದನ್ನು ನಾನು ಕಂಡೆ. ನನಗೆ ಎಪ್ಪತ್ತೆರಡು. ಬಲ ಮೊಣಕಾಲು ಎಂದೋ ನಿವೃತ್ತಿ ತೆಗೆದುಕೊಂಡಿದೆ. ಆದರೂ ಓಡಿದೆ, ಕಿರುಚಿದೆ. ಅವನು ಹೊರಗೆ ಬಂದ, ಜಗಳಕ್ಕೆ.

"ಏನೇ ಇವಳೇ, ಯಾಕೆ ಹಿಂಗೆ ಬಡ್ಕೋತೀಯ? ಊಟಕ್ಕಿನ್ನೂ ಹೊತ್ತಿದೆಯಲ್ಲ!"

ಕಾಲರ್ ಹಿಡಿದು ನೆಲಮಾಳಿಗೆಗೆ ದಬ್ಬಿದೆ. ಮೆಟ್ಟಿಲಿಳಿಯುತ್ತಲೂ ಬೈಯುತ್ತಿದ್ದ. ಅಷ್ಟರಲ್ಲಿ ಕೊಟ್ಟಿಗೆ ನಮ್ಮ ತಲೆಯ ಮೇಲಿಂದಲೇ ಹೋಯಿತು. ನಲವತ್ತೊಂಬತ್ತು ವರ್ಷದ ಸಂಸಾರದಲ್ಲಿ ಆರ್ಡೆಲ್ ಒಂದು ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿದ್ದು ಅದೇ ಮೊದಲು.

ನನಗೆ ಭಯವಾಗುತ್ತದೆ ಸ್ವಾಮಿ. ಈಗ ಗಾಳಿ ಸ್ವಲ್ಪ ಜೋರಾದರೂ ಒಲೆಯ ಮೇಲಿನದನ್ನು ಬಿಟ್ಟು ಕಿಟಕಿಗೆ ಹೋಗುತ್ತೇನೆ. ನಾನು ಪೇಟೆಗೆ ಹೋದ ದಿನ ಅದು ಬಂದರೆ ಅವನನ್ನು ಕೂಗಿ ಕರೆಯುವವರು ಯಾರು?

ಆದ್ದರಿಂದ ಮುಂದಿನ ಮೇ ತಿಂಗಳೊಳಗೆ ನಮ್ಮ ರಸ್ತೆಗೆ ಸೈರನ್ ಹಾಕಿಸಿ. ದಾಖಲೆ ತಿದ್ದಲು ಮನಸ್ಸಿಲ್ಲದಿದ್ದರೆ ಬೇಡ, ಬಾರದ ಸುಂಟರಗಾಳಿಯ ಹೆಸರಿನಲ್ಲೇ ಕೊಡಿ. ಕಂಬಕ್ಕೆ ಗುಂಡಿ ತೋಡಿಸುವ ಚಿಂತೆಯೂ ತಮಗಿಲ್ಲ. ಲುಮಿರ್ ಆಗಲೇ ತೋಡಿದ್ದಾನೆ, ಒಂದು ಕರು ಬಿದ್ದೂ ಆಗಿದೆ. ಬಿದ್ದ ಕೊಟ್ಟಿಗೆಯನ್ನು ನೆರೆಯವರು ಆರು ದಿನದಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಆರ್ಡೆಲ್ ಬಿದ್ದರೆ ಆ ಮೂವತ್ತೊಂದು ಜನವೂ ಬರುತ್ತಾರೆ, ಆದರೆ ಅಂಗಳದಲ್ಲಿ ಕೈಕಟ್ಟಿ ಸುಮ್ಮನೆ ನಿಲ್ಲಬೇಕಾಗುತ್ತದೆ.

ಇಂತಿ,
ತಮ್ಮ ಕಡತದ ಪ್ರಕಾರ ಯಾವ ತೊಂದರೆಯೂ ಇಲ್ಲದ
ಎಲ್ಡಾ ವೊಬೊರಿಲ್
ಪ್ಲಮ್ ತೊರೆ ರಸ್ತೆ