ಬಾಗಿಲ ಬಳಿಯ ಬೂಟು

ಟೂ ಹಾರ್ಬರ್ಸ್
ಅಕ್ಟೋಬರ್ 14, ಮಂಗಳವಾರ

ಮುದ್ದಿನ ಮಗಳು ಐಲಾಗೆ,

ಹೇಗಿದ್ದೀಯಮ್ಮ? ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಬೇಯಿಸಿ ಹಾಕುವ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದರ ಚಿಂತೆ ಬೇಡ. ನಿನ್ನೆಯಿಂದ ಸರೋವರದ ಮೇಲೆ ಗಾಳಿ ಜೋರು. ನಿನ್ನ ಹಡಗು ಬರಲು ಇನ್ನೂ ಹನ್ನೊಂದು ದಿನ ಇದೆಯೆಂದು ಗೊತ್ತಿದ್ದೂ ಅದಿರು ತುಂಬುವ ಕಟ್ಟೆಗೆ ನಾಲ್ಕು ಸಲ ಹೋಗಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಮೊನ್ನೆ ಫೋನಿನಲ್ಲಿ "ಪುಲ್ಲಾ ಚೆನ್ನಾಗಿದಾಳೆ, ಎಲ್ಲ ಆರಾಮ" ಎಂದೆನಲ್ಲ, ಆ ಆರಾಮ ಸುಳ್ಳು. ನಿಜ ಹೇಳಲು ನಾಲಿಗೆ ಹೊರಳಲಿಲ್ಲ, ಅದಕ್ಕೇ ಕಾಗದ.

ನೀನು ನಾಯಿಮರಿಯನ್ನು ನನ್ನ ಮಡಿಲಿಗೆ ಹಾಕಿ ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿ ಹೋದೆ. ಮೂರನೇ ಚುಚ್ಚುಮದ್ದು ಆಗುವ ತನಕ ಅಂಗಡಿಯ ನೆಲಕ್ಕೆ ಇಳಿಸಬೇಡ, ಹಾಗಂತ ಮನೆಯೊಳಗೇ ಕೂಡಿಹಾಕಬೇಡ, ಈಗ ಜನ ಗದ್ದಲ ನೋಡದಿದ್ದರೆ ಮುಂದೆ ಪುಕ್ಕಲಾಗುತ್ತಾಳೆ ಎಂದೆಲ್ಲ. ಮೂವತ್ತೆಂಟು ವರ್ಷ ಅದಿರಿನ ರೈಲು ಓಡಿಸಿದವನಿಗೆ ಪಾಠ ಹೇಳುತ್ತಾಳಲ್ಲ ಎಂದು ಸಿಟ್ಟು ಬಂದಿತ್ತು. ಆದರೂ ಒಂದಕ್ಷರ ತಪ್ಪಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಮರಿ ತರಬಹುದೇ ಎಂದು ಮೊದಲು ಕೇಳಿಕೊಂಡೆ, ತಳ್ಳುಗಾಡಿಗೆ ಮನೆಯ ಕಂಬಳಿ ಹಾಸಿದೆ, ಹಾರದಂತೆ ಒಂದು ಕೈ ಅವಳ ಎದೆಯ ಮೇಲೇ ಇಟ್ಟೆ. ಅಂಗಡಿಯ ಗಾರ್ಡಿ, "ಏನೋ ಆರ್ವೋ, ಮೊಮ್ಮಗಳನ್ನ ಕರ್ಕೊಂಡ್ ಬಂದ್ಯಾ? ಕೊಡೋ ಇಲ್ಲಿ" ಎಂದ. "ಮೊದ್ಲು ಆ ಗ್ರೀಸ್ ಕೈ ತೊಳ್ಕೊಂಡ್ ಬಾರಪ್ಪ" ಎಂದೆ. ಬೀಗದ ಕೈ ಕೊರೆಯುವ ಯಂತ್ರದ ಸದ್ದಿಗೆ ಮೊದಲ ದಿನ ನನ್ನ ಕಂಕುಳಿಗೆ ತಲೆ ತೂರಿಸಿದವಳು ಎರಡನೇ ವಾರ ಬರೀ ಕಿವಿ ನಿಮಿರಿಸಿದಳು. ನನಗೆಷ್ಟು ಹೆಮ್ಮೆಯಾಯಿತು ಗೊತ್ತೇ! ನಿನ್ನಮ್ಮ ಹೋದ ಈ ಎರಡು ವರ್ಷದಲ್ಲಿ ನಾನು ಅಷ್ಟೊಂದು ಜನರ ಜೊತೆ ಮಾತಾಡಿರಲಿಲ್ಲ.

ಹೋದ ತಿಂಗಳು ತಂದ ಅವಳ ಎದೆಪಟ್ಟಿ ಬಿಗಿಯಾಯಿತೆಂದು ಮೂರನೇ ತಾರೀಕು ಡುಲೂತ್‌ನ ಸಾಕುಪ್ರಾಣಿಗಳ ಅಂಗಡಿಗೆ ಹೋದೆವು. ಅಲ್ಲಿ ನಾಯಿಗಳೆಲ್ಲ ನೆಲದ ಮೇಲೇ ಓಡಾಡುತ್ತವೆ, ಅಲ್ಲೇ ಉಚ್ಚೆ ಹೊಯ್ಯುತ್ತವೆ. ಒಬ್ಬ ಹೆಂಗಸು ತನ್ನ ಮರಿಯನ್ನು ಎಳೆದುಕೊಂಡು ಹತ್ತಿರ ಬಂದಳು. "ಕೆಳಗ್ ಬಿಡಿ ತಾತ, ಎರಡೂ ಆಡ್ಕೊಳ್ಲಿ. ಏನು, ಗಾಜಿನ್ ಗೊಂಬೆನಾ ಅದು?" ಎಂದಳು. "ಹೌದಮ್ಮ, ಗಾಜಿಂದೇ" ಎಂದು ಗಾಡಿ ತಿರುಗಿಸಿದೆ. ಗೆದ್ದವನ ಹಾಗೆ ಮನೆಗೆ ಬಂದೆ.

ಮೂರು ದಿನದ ಮೇಲೆ ಅಂಗಡಿಯಿಂದ ಫೋನು. ಆ ಹೆಂಗಸಿನ ಮರಿಗೆ ಪಾರ್ವೋ ಅನ್ನುವ ಅಂಟುರೋಗ, ರಕ್ತಭೇದಿ, ಉಳಿಯುವುದು ಕಷ್ಟವಂತೆ. "ನಮ್ಮವಳು ನೆಲಕ್ಕೇ ಇಳಿದಿಲ್ಲ" ಎಂದು ಜಂಬದಿಂದ ಹೇಳಿ ಫೋನಿಟ್ಟು ತಿರುಗಿದೆ. ನಮ್ಮ ಮನೆಯ ರೂಢಿ ನಿನಗೆ ಗೊತ್ತಲ್ಲ, ಪಾದ್ರಿ ಬಂದರೂ ಬಾಗಿಲ ಚಾಪೆಯ ಮೇಲೆ ಬೂಟು ಬಿಚ್ಚಿಯೇ ಒಳಗೆ ಬರಬೇಕು. ಅದೇ ಚಾಪೆಯ ಮೇಲೆ, ನಿನ್ನಮ್ಮನ ಉಣ್ಣೆ ಚಪ್ಪಲಿಗೆ ಬೆನ್ನು ಕೊಟ್ಟು, ನನ್ನ ಬೂಟಿನೊಳಗೆ ಮೂತಿ ತೂರಿಸಿ ಪುಲ್ಲಾ ನಿದ್ದೆ ಮಾಡುತ್ತಿದ್ದಳು. ಅವಳು ದಿನಾ ಮಲಗುವುದೇ ಅಲ್ಲಿ. ಆ ಅಂಗಡಿಯ ನೆಲವನ್ನು ನಾನೇ ಹೊತ್ತು ತಂದು ಅವಳ ಮೂಗಿಗೆ ಹಿಡಿದಿದ್ದೆ.

ಪುಲ್ಲಾಳ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೂ "ಬೂಟು ಎಲ್ಲಿ ಬಿಟ್ರಿ?" ಎಂದೇ. ಎರಡು ಚುಚ್ಚುಮದ್ದು ಆಗಿರುವುದರಿಂದ ಸ್ವಲ್ಪ ರಕ್ಷಣೆ ಇದೆಯಂತೆ, ಪೂರ್ತಿ ನಂಬುವಂತಿಲ್ಲವಂತೆ. ಹದಿನಾಲ್ಕು ದಿನ ಕಾಯಬೇಕು. ಬ್ಲೀಚಿನಲ್ಲಿ ತೊಳೆಯಲಾಗುವುದನ್ನು ತೊಳೆಯಿರಿ, ಉಳಿದದ್ದನ್ನು ಇಟ್ಟುಕೊಳ್ಳಬೇಡಿ ಎಂದರು. ತೊಳೆದೆ. ಕೈಯ ಚರ್ಮ ಸುಲಿದಿದೆ. ದಿನಕ್ಕೆ ಇಪ್ಪತ್ತು ಸಲ ಅವಳ ತುಟಿ ಎತ್ತಿ ಒಸಡು ಬಿಳಿಚಿದೆಯೋ ಎಂದು ನೋಡುತ್ತೇನೆ. ಅವಳಿಗೂ ನನ್ನ ಮೇಲೆ ಬೇಜಾರು ಬಂದಿದೆ. ಬೇಗ ತಿಂದರೆ ವಾಂತಿಯ ಹೆದರಿಕೆ, ನಿಧಾನಕ್ಕೆ ತಿಂದರೆ ಇನ್ನೊಂದು. ಇವತ್ತು ಹನ್ನೊಂದನೇ ದಿನ. ಬೆಳಿಗ್ಗೆ ಅರ್ಧ ಊಟ ಬಿಟ್ಟಳು. ಕಾರಿನ ಕೀಲಿ ಹಿಡಿದು ಒಂದು ಗಂಟೆ ಅವಳ ಮುಂದೆಯೇ ಕೂತಿದ್ದೆ. ಆಮೇಲೆ ನೋಡಿದರೆ ಕುರ್ಚಿಯ ಮೇಲಿಟ್ಟಿದ್ದ ನನ್ನ ಏಲಕ್ಕಿ ಬ್ರೆಡ್ಡು ಮಾಯ. ಅದರ ಹೆಸರೇ ಅವಳಿಗಿಟ್ಟೆಯಲ್ಲ, ತಕ್ಕದ್ದೇ ಆಯಿತು. ನಕ್ಕೆ, ಹಾಗೇ ಅತ್ತೂಬಿಟ್ಟೆ.

ನೀನು ಬೈದರೂ ಸರಿ. ಗಾಳಿಯ ಹೊತ್ತಿನಲ್ಲಿ ಹಡಗಿನ ಡೆಕ್ಕಿಗೆ ಹೋಗಬೇಡ. ದೇವರು ನಿನ್ನನ್ನೂ ಆ ಇಪ್ಪತ್ತೆರಡು ಹೊಟ್ಟೆಗಳನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಆರ್ವೋ

ತಾ.ಕ.: ಶನಿವಾರ. ಧೈರ್ಯ ಸಾಲದೆ ಕಾಗದ ಮೇಜಿನ ಮೇಲೇ ಇತ್ತು. ನಿನ್ನೆಗೆ ಹದಿನಾಲ್ಕು ದಿನ ಮುಗಿಯಿತು, ಪುಲ್ಲಾ ಉಳಿದಳು. ನಿನ್ನ ಹಡಗಿಗೆ ಕಾಗದ ಮುಟ್ಟಿಸುವ ಡೆಟ್ರಾಯಿಟ್‌ನ ಅಂಚೆದೋಣಿಗೆ ಇದು ಸಿಗಬೇಕು, ಬೇಗ ಹೇಳಿಬಿಡುತ್ತೇನೆ. ಉಣ್ಣೆಯನ್ನು ಬ್ಲೀಚಿನಲ್ಲಿ ತೊಳೆಯಲಾಗುವುದಿಲ್ಲ ಐಲಾ. ಆ ಚಪ್ಪಲಿಯನ್ನು ನಿನ್ನಮ್ಮ ಬಿಟ್ಟುಹೋದ ಕಡೆಯೇ ಎರಡು ವರ್ಷ ಅಲುಗಿಸದೆ ಇಟ್ಟಿದ್ದೆ. ಕಸದ ಡಬ್ಬಕ್ಕೆ ಹಾಕಲು ಕೈ ಬರಲಿಲ್ಲ. ಸೌನಾ ಸ್ನಾನದ ಕೋಣೆಯ ಒಲೆಗೆ ಹಾಕಿ, ಬೆಂಕಿ ಆರುವ ತನಕ ಆ ಬಿಸಿಯಲ್ಲೇ ಕೂತಿದ್ದೆ. ಬಾಗಿಲು ತೆಗೆದ ಕೂಡಲೇ ನಿನ್ನ ಕಣ್ಣು ಅಲ್ಲಿಗೇ ಹೋಗುತ್ತದೆ, ಗಾಬರಿಯಾಗಬೇಡ. ಆ ಜಾಗದಲ್ಲಿ ಈಗ ಮರಿ ಮಲಗುತ್ತದೆ. ನಿನ್ನ ಬೂಟು ಹೊರಗೇ ಬಿಟ್ಟು ಬಾ.