ಎಲ್ಡನ್ ಭಾವನಿಗೆ ನಾನು ಹಾಕದ ಸಹಿ

ಹಾರ್ಲನ್ ಬೆಂಡ್, ನೆಬ್ರಾಸ್ಕಾ
ಮಾರ್ಚ್ 12, ಭಾನುವಾರ

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗಿದೆ? ಅರಿಜೋನಾದ ಬಿಸಿಲಿಗೆ ಸ್ವಲ್ಪ ಸಡಿಲವಾಗಿದೆ ಎಂದು ತಮ್ಮ ಲಾಯ್ಡ್ ಹೇಳಿದ. ಹಾಗೆಂದು ಮಾತ್ರೆ ಬಿಡಬೇಡ. ಇಲ್ಲಿ ಅಂಗಳದ ಹಿಮ ಇನ್ನೂ ಕರಗಿಲ್ಲ.

ಮೊದಲು ಒಂದು ಸುಳ್ಳನ್ನು ಸರಿಪಡಿಸಬೇಕು. ಮಾರ್ಲೀನ್ ಅಕ್ಕ ನಿನಗೆ ಹೇಳಿದಂತೆ ಐಸಿನ ಮೇಲೆ ಜಾರಿ ಬಿದ್ದಿಲ್ಲ. ಅವಳ ಮೀನಖಂಡದೊಳಗೆ ಗುಂಡು ಹೊಕ್ಕು ಹೊರಬಂದಿದೆ. ಹೊಡೆದದ್ದು ಅವಳ ಗಂಡ, ನಿನ್ನ ಮುದ್ದಿನ ಅಳಿಯ. ಗಾಬರಿಯಾಗಬೇಡ, ಮೂಳೆಗೆ ತಾಗಿಲ್ಲ; ಊರುಗೋಲು ಹಿಡಿದು ಓಡಾಡುತ್ತಿದ್ದಾಳೆ. “ಅಮ್ಮಂಗೆ ಹೇಳ್ಬೇಡ ಕಣೇ, ಇವ್ರ ಮರ್ಯಾದೆ ಹೋಗುತ್ತೆ” ಅಂದಳು. ಅವಳ ಕಾಲಿಗಿಂತ ಅವರ ಮರ್ಯಾದೆ ದೊಡ್ಡದಾಯಿತೇ?

ಕಳೆದ ಅಕ್ಟೋಬರಿನಲ್ಲಿ ಎಲ್ಡನ್ ಭಾವ ನನ್ನ ಬಂದೂಕು ತರಬೇತಿಯ ತರಗತಿಗೆ ಬಂದಿದ್ದರಲ್ಲ. ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ತಿರುಗುವ ಪರವಾನಗಿಗೆ ನನ್ನಂಥ ಶಿಕ್ಷಕರ ಸಹಿ ಬೇಕು. ಪಾಠ ಹೇಳುವಾಗ ಅವರು ಆಕಳಿಸಿದರು. ಗುರಿ ಹೊಡೆಯುವ ಜಾಗದಲ್ಲಿ ತುಂಬಿದ ಪಿಸ್ತೂಲನ್ನು ಹಿಡಿದು, ಬೆರಳು ಗುಂಡು ಹಾರಿಸುವ ಕುದುರೆಯ ಮೇಲಿರುವಂತೆಯೇ, ಪಕ್ಕದವರತ್ತ ತಿರುಗಿ ನಕ್ಕರು. ಎಚ್ಚರಿಸಿದರೆ, “ಹತ್ತು ವರ್ಷದವನಿದ್ದಾಗಿಂದ ಜಿಂಕೆ ಹೊಡೀತಿದೀನಿ, ನೀನು ನಂಗೆ ಹೇಳಿಕೊಡ್ತೀಯಾ?” ಅಂದರು. “ಜಿಂಕೆ ನಿಮ್ಮ ಪಕ್ಕದಲ್ಲಿ ನಿಂತಿರಲ್ಲ ಭಾವ” ಅಂದೆ. ಮತ್ತೆ ಹಾಗೆಯೇ ತಿರುಗಿದರು. ನಾನು ಫೇಲ್ ಮಾಡಿದೆ. ಅವತ್ತೇ ಜೋಲೀನ್ ಎಂಬ ಹೋಟೆಲ್ ಹುಡುಗಿ ಪಾಸಾದಳು. ಬಿಟ್ಟುಹೋದ ಗಂಡ ಅವಳನ್ನು ಕೊಲ್ಲುತ್ತೇನೆಂದು ಬೆದರಿಸುತ್ತಿದ್ದ; ಅವಳು ತಪ್ಪಿದ್ದನ್ನೆಲ್ಲ ಕೇಳಿ ತಿದ್ದಿಕೊಂಡಿದ್ದಳು. ಅಂಥವಳಿಗೆ ಪರವಾನಗಿ ಕೊಡಲೇಬೇಕು. ನಾನು ಬಂದೂಕಿನ ವೈರಿಯಲ್ಲ. ಬಂದೂಕು ಹಿಡಿಯಲು ಕಲಿಸಿದ ಅಪ್ಪನ ಮಗಳು ನಾನು.

ಆಮೇಲೆ ಎಲ್ಲರೂ ನನ್ನ ಮೇಲೆ ಬಿದ್ದಿರಿ. “ಮನೆಯವರಿಗೆ ಒಂದು ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ನೀನೇ ಫೋನಿನಲ್ಲಿ ಕೇಳಿದೆ. ಕ್ರಿಸ್ಮಸ್ ಊಟಕ್ಕೆ ಅಕ್ಕ ನನ್ನನ್ನು ಕರೆಯಲಿಲ್ಲ. ಭಾವ ಹೆದ್ದಾರಿ ಪಕ್ಕದ ಇನ್ನೊಬ್ಬ ಶಿಕ್ಷಕನ ಹತ್ತಿರ ಹೋದರು. ಅವನು ಡೋನಟ್ ತಿನ್ನಿಸಿ, ಬೇಟೆಯ ಕಥೆ ಹೇಳಿ, ಬಂದವರಿಗೆಲ್ಲ ಮಧ್ಯಾಹ್ನದೊಳಗೆ ಸಹಿ ಹಾಕಿ ಕಳಿಸುತ್ತಾನೆ. ಕೂದಲು ಕತ್ತರಿಸುವವನಿಗೂ ನಮ್ಮಲ್ಲಿ ಇದಕ್ಕಿಂತ ಹೆಚ್ಚು ತರಬೇತಿ ಬೇಕು!

ಕಳೆದ ವಾರ ಚರ್ಚಿನ ಸಭಾಂಗಣದಲ್ಲಿ ಉಪವಾಸ ಕಾಲದ ಶುಕ್ರವಾರದ ಮೀನೂಟ. ಭಾವ ಅಲ್ಲಿಗೂ ಪಿಸ್ತೂಲು ತಂದಿದ್ದರು, ಅಲ್ಲಿಗೆ ತರಬಾರದೆಂದು ಪಾಠದಲ್ಲೇ ಹೇಳಿದ್ದರೂ. ಅದಕ್ಕೊಂದು ಸೊಂಟದ ಚೀಲವೂ ಇಲ್ಲ, ಪ್ಯಾಂಟಿಗೆ ಸಿಕ್ಕಿಸಿಕೊಂಡಿದ್ದರು. ತಟ್ಟೆಗಳ ಪೆಟ್ಟಿಗೆ ಎತ್ತಲು ಬಗ್ಗಿದಾಗ ಅದು ಜಾರಿತು. ಬೀಳುವುದನ್ನು ಹಿಡಿಯಲು ಹೋದ ಕೈ ನೇರ ಕುದುರೆಗೇ ಬಿತ್ತು. ಢಮ್ ಎಂದದ್ದೇ ಅಕ್ಕ ಕೂತುಬಿಟ್ಟಳು. ನಾನು ಮೇಜುಬಟ್ಟೆ ಹರಿದು ಅವಳ ಕಾಲಿಗೆ ಕಟ್ಟಿದೆ. ಭಾವ ಗೋಡೆಗೊರಗಿ, “ತಾನಾಗೇ ಹಾರ್ತು, ತಾನಾಗೇ ಹಾರ್ತು” ಅನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ತಾನಾಗೇ ಹಾರಲ್ಲ ಭಾವ, ನೀವು ಹಾರಿಸಿದ್ರಿ” ಎಂದು ಇಡೀ ಊರಿನೆದುರು ಕೂಗಿದೆ. ಪೊಲೀಸರು ಪಿಸ್ತೂಲನ್ನೂ ಪರವಾನಗಿಯನ್ನೂ ತೆಗೆದುಕೊಂಡು ಹೋದರು. ಸಹಿ ಹಾಕಿದವನನ್ನು ಯಾರೂ ಏನೂ ಕೇಳಿಲ್ಲ. ಈ ಶನಿವಾರವೂ ಅವನ ಅಂಗಳದ ತುಂಬ ಕಾರುಗಳಿದ್ದವು.

ನಿನ್ನೆ ಅಕ್ಕನಿಗೆ ಸೂಪು ಒಯ್ದೆ. ಭಾವ ಬಾಗಿಲು ತೆಗೆದರು, ಮುಖವೆತ್ತಲಿಲ್ಲ. ನನ್ನ ಕೈಯಿಂದ ಪಾತ್ರೆ ಇಸಿದುಕೊಂಡರು. ಅಯ್ಯೋ ಅನ್ನಿಸಿತು, ಆದರೂ ಸಿಟ್ಟು ಇಳಿದಿಲ್ಲ.

ಲಾಯ್ಡನಿಗೂ ಮಕ್ಕಳಿಗೂ ನನ್ನ ಮುತ್ತುಗಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ಲೊರೇನ್

ಮರೆತಿದ್ದೆ ಎಂದುಕೊಳ್ಳಬೇಡ, ಬರೆಯಲು ಧೈರ್ಯ ಸಾಲಲಿಲ್ಲ: ನೀನೂ ಕೈಚೀಲದಲ್ಲಿ ಪಿಸ್ತೂಲು ಇಟ್ಟುಕೊಂಡು ಅಂಗಡಿಗೆ ಹೋಗುತ್ತೀಯಂತೆ, ಲಾಯ್ಡ್ ಹೇಳಿದ. ಅಲ್ಲಿ ಪರವಾನಗಿಯೇ ಬೇಕಿಲ್ಲ ಅಂದೆಯಂತೆ. ಅಮ್ಮಾ, ಅದೇ ಚೀಲಕ್ಕೆ ಮೊಮ್ಮಕ್ಕಳು ಪೆಪ್ಪರಮಿಂಟಿಗಾಗಿ ಕೈ ಹಾಕುತ್ತಾರೆ. ಈ ಕಾಗದ ಮಡಿಸುವ ಮೊದಲೇ ಆ ಪಿಸ್ತೂಲನ್ನು ಲಾಯ್ಡನ ಕೈಗೆ ಕೊಡು. ಬೇಕೇ ಬೇಕೆಂದರೆ ಊರಿಗೆ ಬಂದು ನನ್ನ ತರಗತಿಯಲ್ಲಿ ಕೂತುಕೋ. ಪಾಸಾಗದಿದ್ದರೆ ನಿನ್ನನ್ನೂ ಫೇಲ್ ಮಾಡುತ್ತೇನೆ.