ಕಮಾನಿನ ಮೇಲಿನ ಅಕ್ಷರ

ನೀವು ಹೋದ ಮೇಲೆ ನಿಮ್ಮಣ್ಣ ಯಾನ್‌ಲಿಂಗ್ ಭಾವನಿಗೆ ನನ್ನ ಮೇಲೆ ಎಲ್ಲಿಲ್ಲದ ಅಕ್ಕರೆ ಬಂದಿದೆ. ಇವತ್ತು ಬೆಳಿಗ್ಗೆ ತಾವೇ ಸೂಪು ಹಿಡಿದುಕೊಂಡು ಬಂದರು.

"ನಿನ್ನ ಪಾತಿವ್ರತ್ಯಕ್ಕೆ ಊರ ಬಾಗಿಲಲ್ಲಿ ಕಲ್ಲಿನ ಕಮಾನು ಕಟ್ಟಿಸ್ತೀವಮ್ಮ. ಚಕ್ರವರ್ತಿಗಳ ಅಪ್ಪಣೆ ಬರತ್ತೆ. ಇಡೀ ಹುಯಿಝೌ ಸೀಮೆಯಲ್ಲಿ ನಮ್ಮ ಮನೆತನ ತಲೆ ಎತ್ತಿ ಓಡಾಡತ್ತೆ. ಕಲ್ಲೂ ತರಿಸಾಯ್ತು, ನಮ್ಮ ಹಿತ್ತಲಲ್ಲಿದೆ."

"ಅದಕ್ಕೆ ವಿಧವೆಗೆ ಐವತ್ತು ತುಂಬಬೇಕಲ್ವಾ ಭಾವ? ನನಗಿನ್ನೂ ಇಪ್ಪತ್ತಾರು."

"ಅದೆಲ್ಲ ನಮಗೆ ಬಿಡು. ಸೂಪು ಆರೋಗತ್ತೆ, ಕುಡಿ."

ಅವರು ಅತ್ತ ಹೋದದ್ದೇ ನಾನು ಅವರ ಹಿತ್ತಲಿಗೆ ಹೋಗಿ ನೋಡಿದೆ. ಕಲ್ಲಿನ ಮೇಲೆ ಆಗಲೇ ನನ್ನ ಹೆಸರು ಕೆತ್ತಿದ್ದಾರೆ. ಇಂಥ ಕಮಾನುಗಳ ಮೇಲೆ ಒಂಟಿಯಾಗಿ ಬಾಳಿ ತೋರಿಸಿದ ವಿಧವೆಗೆ ಒಂದಕ್ಷರ, ಗಂಡನ ಹಿಂದೆಯೇ ಪ್ರಾಣ ಬಿಟ್ಟವಳಿಗೆ ಬೇರೆಯೇ ಅಕ್ಷರ. ನನ್ನ ಹೆಸರಿನ ಪಕ್ಕದಲ್ಲಿರುವುದು ಎರಡನೆಯದು. ಬಾಗಿಲು ಹಾಕಿಕೊಂಡು ನೀವು ನನಗೆ ಓದು ಕಲಿಸಿದ್ದು ಅವರಿಗೆ ಗೊತ್ತಿಲ್ಲ.

ಸೂಪು ಮೇಜಿನ ಮೇಲೆ ಆರಿ ಕೆನೆಗಟ್ಟಿದೆ. ನೀವು ಹಾಸಿಗೆ ಹಿಡಿದಾಗಲೂ ಭಾವ ಇದೇ ಬಟ್ಟಲಲ್ಲಿ ತರುತ್ತಿದ್ದರು, ಅಲ್ಲವೇ? ನೀವು ಕಹಿ ಎಂದು ಮುಖ ತಿರುಗಿಸಿದರೂ, ಒಂದು ತೊಟ್ಟೂ ಬಿಡದಂತೆ ನಾನೇ ಕುಡಿಸುತ್ತಿದ್ದೆ.